ಕಾಗದ ಎಳೆಯುವ ಕೆಲಸ ತಪ್ಪಿತು: ಟಚ್ ಪ್ಲೇಟ್ ಜೊತೆ ಹದಿನಾಲ್ಕು ತಿಂಗಳು

ಸಿಎನ್‌ಸಿಯಲ್ಲಿ (ಕಂಪ್ಯೂಟರ್ ಹೇಳಿದಂತೆ ತಾನೇ ಕೆತ್ತುವ ಮಶೀನ್) ಮರ ಕೆತ್ತಲು ಶುರು ಮಾಡಿದ ಮೊದಲ ಎರಡು ವರ್ಷ ನನ್ನ ಮೇಜಿನ ಮೇಲೆ ಒಂದು ಕಾಗದದ ತುಂಡು ಖಾಯಂ ಇರುತ್ತಿತ್ತು. ಕೆತ್ತುವ ಮೊನೆಯನ್ನು, ಅಂದರೆ ಬಿಟ್ ಅನ್ನು, ಹಲಗೆಯ ಹತ್ತಿರ ತರಬೇಕು. ಅದರ ಕೆಳಗೆ ಕಾಗದವನ್ನು ಹಿಂದೆ ಮುಂದೆ ಆಡಿಸುತ್ತಾ, ಬಾಣದ ಬಟನ್ ಒತ್ತಿ ಒತ್ತಿ 0.1 ಮಿ.ಮೀ. ಲೆಕ್ಕದಲ್ಲಿ ಇಳಿಸಬೇಕು. ಕಾಗದ ಸ್ವಲ್ಪ ಹಿಡಿದುಕೊಂಡಂತೆ ಅನಿಸಿದರೆ ಅಲ್ಲೇ ಝೀರೊ, ಆಳವನ್ನೆಲ್ಲ ಅಳೆಯುವುದು ಅಲ್ಲಿಂದಲೇ. ಸ್ವಲ್ಪ ಅಂದರೆ ಎಷ್ಟು? ಬೆಳಿಗ್ಗೆ ಒಂದು ಥರ, ರಾತ್ರಿ ನಿದ್ದೆ ಎಳೆಯುವಾಗ ಇನ್ನೊಂದು ಥರ. ಒಂದು ಸಲ ಹೆಜ್ಜೆಯ ಅಳತೆ 0.1ರ ಬದಲು 10ರಲ್ಲೇ ಉಳಿದಿತ್ತು. ನೋಡದೆ ಬಟನ್ ಒತ್ತಿದೆ. ಬಿಟ್ ಕಾಗದ ತೂರಿ ಹಲಗೆಗೆ ಇಳಿದು ಟಕ್ ಅಂತ ಮುರಿಯಿತು. ಆಮೇಲೆ ಆ ಬಟನ್ ಕಂಡರೇ ಬೆರಳು ಹಿಂದೆ ಸರಿಯುತ್ತಿತ್ತು.

ಹಾಗಾಗಿ ನಾನು ಬಳಸುವ ಕೆತ್ತನೆ ಸಾಫ್ಟ್‌ವೇರ್‌ಗೆ ಟಚ್ ಪ್ಲೇಟ್ (ಹಲಗೆಯ ಮೇಲಿಡುವ ಲೋಹದ ತಟ್ಟೆ) ಸೌಲಭ್ಯ ಬಂದಾಗ ಅವತ್ತೇ ಹಾಕಿಕೊಂಡೆ. ಇದು ಹೊಸಬರಿಗೆಂದೇ ಮಾಡಿದ ಸಾಫ್ಟ್‌ವೇರ್. ಹೆಸರು ಹೇಳುವುದಿಲ್ಲ, ಯಾಕಂದ್ರೆ ಮುಂದೆ ಸ್ವಲ್ಪ ಬೈಯುವುದಿದೆ.

ಒಳಗೆ ನಡೆಯುವುದು ಸರಳ. ಪ್ಲೇಟ್‌ಗೆ ಒಂದು ವೈರ್, ಬಿಟ್‌ಗೆ ಕ್ಲಿಪ್ ಹಾಕಿದ ಇನ್ನೊಂದು ವೈರ್. ಬಿಟ್ ನಿಧಾನವಾಗಿ ಇಳಿದು ಪ್ಲೇಟ್ ಮುಟ್ಟಿದ ಕ್ಷಣ ಸರ್ಕ್ಯೂಟ್ ಕೂಡುತ್ತದೆ, ಮಶೀನ್ ನಿಲ್ಲುತ್ತದೆ. ಪ್ಲೇಟ್ ಎಷ್ಟು ದಪ್ಪ ಎಂದು ಮೊದಲೇ ಹೇಳಿರುತ್ತೇವಲ್ಲ, ಅಷ್ಟನ್ನು ಕಳೆದರೆ ಹಲಗೆಯ ಮೇಲ್ಮೈ ಸಿಕ್ಕಿತು. ನನ್ನ ಮಶೀನ್ ಜಿಆರ್‌ಬಿಎಲ್ ಎಂಬ, ಮಶೀನ್ ಒಳಗೇ ಇದ್ದು ಮೋಟರ್ ನಡೆಸುವ ಪ್ರೋಗ್ರಾಮ್‌ನಲ್ಲಿ ಓಡುತ್ತದೆ. ಅದಕ್ಕೆ ಈ ವಿದ್ಯೆ ಮೊದಲೇ ಗೊತ್ತಿತ್ತು, ಜಿ38.2 ಅನ್ನುವ ಕಮ್ಯಾಂಡ್ ಅದೇ. ಅದನ್ನು ಟೈಪ್ ಮಾಡುವ ಧೈರ್ಯ ನನಗಿರಲಿಲ್ಲ ಅಷ್ಟೇ. ಈಗ ಅದಕ್ಕೊಂದು ಬಟನ್ ಬಂತು.

ಹವ್ಯಾಸಕ್ಕೆ ಇಷ್ಟೇ ಖರ್ಚು ಎಂದು ಗೆರೆ ಎಳೆದುಕೊಂಡವನು ನಾನು. ಆ ವರ್ಷದ ಗೆರೆ ಬಿಟ್‌ಗಳಿಗೇ ಮುಗಿದಿತ್ತು. ಅದಕ್ಕೆ ಪ್ಲೇಟ್ ಕೊಳ್ಳಲಿಲ್ಲ, ಹಳೆಯ ಯಾವುದೋ ಡಬ್ಬಿಯ ಅಲ್ಯೂಮಿನಿಯಂ ತುಂಡು ಕತ್ತರಿಸಿದೆ. ನೋಡಲು ಚೆನ್ನಾಗಿತ್ತು, ಆದರೆ ಕರೆಂಟ್ ಹರಿಯಲೇ ಇಲ್ಲ. ವೈರ್ ಬದಲಿಸಿದೆ, ಕ್ಲಿಪ್ ಬದಲಿಸಿದೆ, ಅರ್ಧ ದಿನ ಹೋಯ್ತು. ಕೊನೆಗೆ ಮಲ್ಟಿಮೀಟರ್ ಹಿಡಿದಾಗ ತಿಳಿಯಿತು, ಅದು ಆನೊಡೈಸ್ ಮಾಡಿದ ತುಂಡು. ಆ ಬಣ್ಣದ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ಮೇಲ್ಮೈಯನ್ನು ಸ್ಯಾಂಡ್ ಪೇಪರ್‌ನಲ್ಲಿ ಬಿಳಿಯಾಗುವ ತನಕ ಉಜ್ಜಿದೆ, ಮಲ್ಟಿಮೀಟರ್ ಕುಂಯ್ ಎಂದಿತು. ದಪ್ಪ 9.5 ಮಿ.ಮೀ. ಇರಬೇಕಿತ್ತು. ಉಜ್ಜಿದ ಮೇಲೆ ಕ್ಯಾಲಿಪರ್ 9.42 ತೋರಿಸಿತು. ಕೊಂಡ ಪ್ಲೇಟ್ ಆದರೂ ನೀವೇ ಅಳೆಯಿರಿ. ಡಬ್ಬದ ಮೇಲಿನ ಅಂಕಿ ನಂಬಬೇಡಿ.

ಈಗ ದಿನಾ ನಡೆಯುವುದು ಹೀಗೆ. ಹಲಗೆ ಕಚ್ಚಿಸಿದ ಮೇಲೆ ಒಂದು ಹಳೆಯ ಪೇಂಟ್ ಬ್ರಷ್‌ನಿಂದ ಮೂಲೆ ಗುಡಿಸುತ್ತೇನೆ. ಪ್ಲೇಟ್‌ನ ಅಡಿಯನ್ನು ಅಂಗೈಗೆ ಒಮ್ಮೆ ಒರೆಸುತ್ತೇನೆ. ಈ ಒರೆಸುವುದು ಸುಮ್ನೆ ಅಲ್ಲ. ಪ್ಲೇಟ್ ಕೆಳಗೆ ಒಂದು ಸಣ್ಣ ಮರದ ಚೂರು ಸಿಕ್ಕಿಕೊಂಡರೆ ಪ್ಲೇಟ್ ಅಷ್ಟು ಎತ್ತರ ನಿಲ್ಲುತ್ತದೆ, ಝೀರೊ ಗಾಳಿಯಲ್ಲಿ ಕೂರುತ್ತದೆ, ಕೆತ್ತನೆ ತೆಳುವಾಗುತ್ತದೆ. ಆಮೇಲೆ ಕ್ಲಿಪ್. ಆಮೇಲೆ ಬಟನ್. ಬಿಟ್ ಇಳಿದು ಪ್ಲೇಟ್ ಮುಟ್ಟುತ್ತದೆ, ಸ್ವಲ್ಪ ಮೇಲೇಳುತ್ತದೆ, ಮತ್ತೆ ಇನ್ನೂ ನಿಧಾನವಾಗಿ ಬಂದು ಮುಟ್ಟುತ್ತದೆ. ಬಿಸಿ ಲೋಟ ಎತ್ತುವ ಮೊದಲು ಬೆರಳು ತಾಗಿಸಿ ನೋಡುತ್ತೇವಲ್ಲ, ಹಾಗೆ. ಎರಡನೇ ಸಲದ ಆ ಮೆಲ್ಲನೆಯ ಇಳಿತ ನೋಡುತ್ತಾ ನಿಲ್ಲುವುದು ನನಗೆ ಇವತ್ತಿಗೂ ಖುಷಿ.

ನಿಖರತೆ ಜಾಸ್ತಿಯಾಯಿತಾ? ಆಯಿತು. ವಿ-ಬಿಟ್‌ನಲ್ಲಿ (ವಿ ಆಕಾರದ ಚೂಪು ಬಿಟ್) ಅಕ್ಷರ ಕೆತ್ತುವವರಿಗೆ ಇದು ಮೊದಲ ದಿನವೇ ಕಾಣುತ್ತದೆ. 90 ಡಿಗ್ರಿಯ ವಿ-ಬಿಟ್ ಎಷ್ಟು ಆಳ ಇಳಿಯುತ್ತದೋ ಗೆರೆ ಅದರ ಎರಡರಷ್ಟು ಅಗಲವಾಗುತ್ತದೆ. ಝೀರೊ 0.15 ತಪ್ಪಿದರೆ ಗೆರೆಯ ಅಗಲ 0.3 ಮಿ.ಮೀ. ತಪ್ಪುತ್ತದೆ. ದೊಡ್ಡ ಅಕ್ಷರದಲ್ಲಿ ಅದು ಕಾಣುವುದಿಲ್ಲ. ಒತ್ತಕ್ಷರದ ಸಂದಿಯಲ್ಲಿ ಕಾಣುತ್ತದೆ, ಮೇಲಿನ ಅಕ್ಷರಕ್ಕೂ ಕೆಳಗಿನದಕ್ಕೂ ನಡುವೆ ಉಳಿಯಬೇಕಾದ ಮರವೇ ಎದ್ದು ಬರುತ್ತದೆ. ಕಾಗದದ ಕಾಲದಲ್ಲಿ ಅಂಥ ಹಲಗೆಗಳು ನನ್ನಲ್ಲಿ ಬೇಕಾದಷ್ಟಿದ್ದವು. ಈಗ ಅಪರೂಪ.

ಆದರೆ ನಾನು ಎಣಿಸದೆ ಸಿಕ್ಕಿದ್ದು ಬೇರೆ. ಬಿಟ್ ಬದಲಿಸಲು ಹಿಂದೆ ಎಷ್ಟು ಸೋಮಾರಿತನ ಇತ್ತು ಅಂದರೆ, ಸಣ್ಣ ಬಿಟ್ ಬೇಕಾದ ಕಡೆಯೂ ಇದ್ದ ದಪ್ಪ ಬಿಟ್‌ನಲ್ಲೇ ಮುಗಿಸಿಬಿಡುತ್ತಿದ್ದೆ. ಮತ್ತೆ ಕಾಗದ ಹಿಡಿಯಬೇಕಲ್ಲ ಎಂಬ ಬೇಸರ. ಈಗ ಒಂದೇ ಹಲಗೆಗೆ ಮೂರು ಬಿಟ್ ಬದಲಿಸುತ್ತೇನೆ. ಕೆಲಸದ ಅಂದವೇ ಬದಲಾಯಿತು.

ಇನ್ನು ಬೈಗುಳ.

ಮೊದಲ ಆವೃತ್ತಿಯಲ್ಲಿ ಪರದೆ ಒಂದೇ ಪ್ರಶ್ನೆ ಕೇಳುತ್ತಿತ್ತು: ಕ್ಲಿಪ್ ಹಾಕಿದ್ದೀರಾ? ಕೆಳಗೆ 'ಹೌದು' ಬಟನ್. ನೂರು ಸಲ ಹೌದು ಒತ್ತಿದವನು ನೂರಾ ಒಂದನೇ ಸಲ ಓದುತ್ತಾನಾ? ಒಂದು ರಾತ್ರಿ ಕ್ಲಿಪ್ ಮೇಜಿನ ಮೇಲೇ ಬಿದ್ದಿತ್ತು. ನಾನು ಹೌದು ಅಂದೆ. ಬಿಟ್ ಇಳಿಯಿತು, ಪ್ಲೇಟ್ ಮುಟ್ಟಿತು, ನಿಲ್ಲಲಿಲ್ಲ. ಮೋಟರ್ ಗುರ್ ಎನ್ನುತ್ತಾ ಒತ್ತುತ್ತಲೇ ಹೋಯಿತು. ಎಮರ್ಜೆನ್ಸಿ ಬಟನ್‌ಗೆ ಕೈ ಹೋಗುವಷ್ಟರಲ್ಲಿ 1 ಮಿ.ಮೀ. ಬಿಟ್ ಎರಡು ತುಂಡು. ಪ್ಲೇಟ್ ಮೇಲೆ ಸೂಜಿ ಚುಚ್ಚಿದಂಥ ಗುಳಿ ಇನ್ನೂ ಇದೆ.

ತಪ್ಪು ನನ್ನದೇ, ಒಪ್ಪಿದೆ. ಆದರೆ ಇದನ್ನು ತಡೆಯುವುದು ಕಷ್ಟವಿರಲಿಲ್ಲ. ಮಶೀನ್ ಕಣ್ಣಿಗೆ 'ಕ್ಲಿಪ್ ಹಾಕಿಲ್ಲ' ಅನ್ನುವುದೂ 'ಇನ್ನೂ ಮುಟ್ಟಿಲ್ಲ' ಅನ್ನುವುದೂ ಒಂದೇ. ಎರಡರಲ್ಲೂ ಸರ್ಕ್ಯೂಟ್ ತೆರೆದೇ ಇರುತ್ತದೆ. ಇಳಿಯುವ ಮೊದಲೇ ಸರ್ಕ್ಯೂಟ್ ಕೂಡಿದ್ದರೆ ಜಿಆರ್‌ಬಿಎಲ್ ಅಲಾರಂ 4 ಕೊಟ್ಟು ಅಲ್ಲಾಡುವುದಿಲ್ಲ. ಹೇಳಿದಷ್ಟು ದೂರ ಇಳಿದರೂ ಏನೂ ಮುಟ್ಟದಿದ್ದರೆ ಅಲಾರಂ 5 ಕೊಡುತ್ತದೆ. ಆ ಹೊತ್ತಿಗೆ ಬಿಟ್‌ನ ಕಥೆ ಮುಗಿದಿರುತ್ತದೆ. ಹಾಗಾಗಿ ಮೊದಲೇ ಒಂದು ಸಲ ಮುಟ್ಟಿಸಿ ನೋಡಬೇಕು, ಬೇರೆ ದಾರಿ ಇಲ್ಲ. ಜಿಆರ್‌ಬಿಎಲ್ 1.1 ತನ್ನ ಸ್ಥಿತಿ ಹೇಳುವ ಸಾಲಿನಲ್ಲಿ, ಪ್ರೋಬ್ (ಈ ಮುಟ್ಟಿ ನೋಡುವ ಸರ್ಕ್ಯೂಟ್) ಕೂಡಿದ್ದರೆ 'ಪಿ' ಎಂಬ ಅಕ್ಷರ ಕಳಿಸುತ್ತದೆ. ಸಾಫ್ಟ್‌ವೇರ್ ಅದನ್ನು ನೋಡಿದ್ದರೆ ಸಾಕಿತ್ತು. ಹೊಸಬರಿಗೆಂದು ಮಾಡಿದವರು ಹೊಸಬರು ಮರೆಯುವುದಿಲ್ಲ ಅಂತ ಹೇಗೆ ಅಂದುಕೊಂಡರೋ!

ಸಿಟ್ಟಿನಲ್ಲಿ ಎರಡು ವಾರ ಮತ್ತೆ ಕಾಗದ ಹಿಡಿದೆ. ಅದು ನನಗೇ ಕೊಟ್ಟುಕೊಂಡ ಶಿಕ್ಷೆ. ವಾಪಸ್ ಬಂದೆ.

ಕೆಲವು ತಿಂಗಳ ನಂತರ ಅಪ್‌ಡೇಟ್ ಬಂತು, ಸಿಟ್ಟೂ ಇಳಿಯಿತು. ಈಗ ಪ್ಲೇಟ್ ಅನ್ನು ಕೈಯಲ್ಲಿ ಎತ್ತಿ ಬಿಟ್‌ಗೆ ತಾಗಿಸಿದರೆ ಪರದೆಯ ದೀಪ ಹಸಿರಾಗುತ್ತದೆ. ಹಸಿರಾಗದೆ ಮುಂದಿನ ಬಟನ್ ಒತ್ತಲು ಬರುವುದೇ ಇಲ್ಲ. ಎರಡು ಸೆಕೆಂಡಿನ ಕೆಲಸ. ಕ್ಲಿಪ್‌ನ ಹಲ್ಲಿಗೆ ಅಂಟು ಮೆತ್ತಿದ್ದರೂ, ವೈರ್ ಒಳಗೇ ತುಂಡಾಗಿದ್ದರೂ ಅಲ್ಲೇ ಗೊತ್ತಾಗುತ್ತದೆ. ಇದು ಬಂದ ಮೇಲೆ ಝೀರೊ ಹಿಡಿಯುವಾಗ ಒಂದು ಬಿಟ್ ಕೂಡ ಹೋಗಿಲ್ಲ.

ಕ್ಲಿಪ್ ತೆಗೆಯಲು ಮರೆಯುವುದಕ್ಕೆ ಮಾತ್ರ ಸಾಫ್ಟ್‌ವೇರ್ ಏನೂ ಮಾಡಲಾಗದು. ಬಿಟ್ ತಿರುಗಿಸುವ ಮೋಟರ್, ಅಂದರೆ ರೌಟರ್‌ನ ಸ್ವಿಚ್ ನನ್ನ ಕೈಯಲ್ಲೇ ಇದೆ. ಕ್ಲಿಪ್ ಇದ್ದಾಗ ಅದು ತಿರುಗಿದರೆ ವೈರ್ ಸುತ್ತಿಕೊಂಡು ಚಾಟಿಯಾಗುತ್ತದೆ. ಅದಕ್ಕೆ ಸ್ವಿಚ್ ಪಕ್ಕದಲ್ಲೇ ಒಂದು ಕೊಕ್ಕೆ ಹೊಡೆದಿದ್ದೇನೆ. ಪ್ಲೇಟ್, ಕ್ಲಿಪ್ ಎರಡೂ ಅಲ್ಲಿ ನೇತಾಡುತ್ತಿದ್ದರೆ ಮಾತ್ರ ಸ್ವಿಚ್. ಅಂದಹಾಗೆ ಆ ವೈರ್ ಅನ್ನು ರೌಟರ್‌ನ ಪವರ್ ವೈರ್ ಜೊತೆ ಕಟ್ಟಬೇಡಿ. ನಾನು ಅಚ್ಚುಕಟ್ಟಾಗಿರಲಿ ಎಂದು ಕಟ್ಟಿದ್ದೆ. ಬಿಟ್ ಏನೂ ಮುಟ್ಟದೆ ನಡುಗಾಳಿಯಲ್ಲಿ 'ಸಿಕ್ಕಿತು' ಎಂದು ನಿಂತುಬಿಡುತ್ತಿತ್ತು. ಬೇರೆ ಮಾಡಿದ ಮೇಲೆ ಸರಿಹೋಯಿತು.

ಎತ್ತರ ಮಾತ್ರವಲ್ಲ, ಎಕ್ಸ್, ವೈ (ಉದ್ದ, ಅಗಲದ ಝೀರೊ) ಕೂಡ ಮೂಲೆಯಿಂದ ಹಿಡಿಯುವ ಪ್ಲೇಟ್‌ಗಳಿವೆ. ನನ್ನ ಕೆಲಸ ಜಾಸ್ತಿ ವಿ-ಬಿಟ್‌ನದ್ದು. ಅದರ ಪಕ್ಕ ಓರೆ, ಬದಿಯಿಂದ ಮುಟ್ಟಿಸಿ ಉಪಯೋಗವಿಲ್ಲ. ಪೆನ್ಸಿಲ್ ಗುರುತೇ ಸಾಕು.

ಈಗ ಉಳಿದಿರುವ ಒಂದೇ ಒಂದು ಕಿರಿಕಿರಿ, ಆದರೆ ಅದು ಪ್ರತಿ ವಾರವೂ ಕಾಡುತ್ತದೆ. ಹಲಗೆಯ ಪೂರ್ತಿ ಮುಖವನ್ನು ಉಬ್ಬುಚಿತ್ರವಾಗಿ ಕೆತ್ತುತ್ತೀರಿ ಅಂದುಕೊಳ್ಳಿ. ಮೊದಲು ದಪ್ಪ ಬಿಟ್ ಮೇಲಿನ ಮರವನ್ನೆಲ್ಲ ತಿಂದು ಹಾಕುತ್ತದೆ. ನಂತರ ಸಣ್ಣ ಬಿಟ್ ಹಾಕಿ ಮತ್ತೆ ಝೀರೊ ಹಿಡಿಯಬೇಕು. ಎಲ್ಲಿ ಹಿಡಿಯುವುದು? ಪ್ಲೇಟ್ ಇಟ್ಟಿದ್ದ ಮೂಲೆಯೇ ಪುಡಿಯಾಗಿ ಹೋಗಿದೆ. ಹಲಗೆಯ ಅಡಿಗೆ ಹಾಸಿದ ವೇಸ್ಟ್ ಬೋರ್ಡ್ ಮೇಲೆ ಪ್ಲೇಟ್ ಇಟ್ಟು ಲೆಕ್ಕ ಹಾಕಬಹುದು. ಹಲಗೆ 18.2 ಮಿ.ಮೀ., ಪ್ಲೇಟ್ 9.42, ಅಂದರೆ ಪ್ಲೇಟ್‌ನ ಮೇಲ್ಮೈ ಹಲಗೆಯ ಮೇಲ್ಮೈಗಿಂತ 8.78 ಕೆಳಗೆ. ಪ್ಲೇಟ್‌ನ ದಪ್ಪ ಎಂಬಲ್ಲಿ ಮೈನಸ್ 8.78 ಎಂದು ಬರೆದರೆ ಮುಗಿಯಿತು. ಆದರೆ ಸಾಫ್ಟ್‌ವೇರ್ ಮೈನಸ್ ಒಪ್ಪುವುದಿಲ್ಲ. ಆ ಚೌಕ ಕೆಂಪಾಗಿ 'ಸರಿಯಾದ ದಪ್ಪ ನಮೂದಿಸಿ' ಎನ್ನುತ್ತದೆ. ಸ್ವಲ್ಪ ದೊಡ್ಡ ಸಾಫ್ಟ್‌ವೇರ್‌ಗಳಲ್ಲಿ ಝೀರೊ ಹಲಗೆಯ ಮೇಲೋ ತಳದಲ್ಲೋ ಎಂದು ಆರಿಸಿಕೊಳ್ಳಲು ಬರುತ್ತದೆ. ಇಲ್ಲಿ ಮೇಲೆ ಮಾತ್ರ. ಹೊಸಬರಿಗೆ ಗೊಂದಲ ಆಗಬಾರದು ಅಂತ ಇರಬೇಕು. ಹೊಸಬ ಹದಿನಾಲ್ಕು ತಿಂಗಳಿಗೆ ಹಳಬನಾಗುತ್ತಾನೆ ಅಲ್ವಾ? ಐದಕ್ಕೆ ನಾಲ್ಕು ಕೊಟ್ಟೆ, ಆ ಒಂದು ಅಂಕ ಈ ಕೆಂಪು ಚೌಕಕ್ಕೆ ಹೋಯಿತು.

ನನ್ನ ಉಪಾಯ ಹೀಗಿದೆ. ಕೆಲಸದ ಹಲಗೆ ಕತ್ತರಿಸುವಾಗ ಅದರದೇ ಒಂದು ಅಂಗೈಯಗಲ ತುಂಡು ಉಳಿಸಿಕೊಳ್ಳುತ್ತೇನೆ. ಅದನ್ನು ಡಬಲ್ ಸೈಡ್ ಟೇಪ್‌ನಲ್ಲಿ ವೇಸ್ಟ್ ಬೋರ್ಡ್‌ನ ಮೂಲೆಗೆ, ಬಿಟ್‌ನ ದಾರಿಗೆ ಸಿಗದಂತೆ ಅಂಟಿಸುತ್ತೇನೆ. ಅದೇ ಮರ, ಅದೇ ದಪ್ಪ. ಮೊದಲ ಬಿಟ್‌ನಿಂದ ಕೊನೆಯ ಬಿಟ್‌ವರೆಗೆ ಝೀರೊ ಅದರ ಮೇಲೇ. ಹೋದ ತಿಂಗಳು ಮನೆಯವರು ಕೋಣೆ ಗುಡಿಸುವಾಗ ಇದು ಕಸವೆಂದು ಕಿತ್ತು ಎಸೆದರು, ಹಲಗೆ ಅರ್ಧ ಕೆತ್ತಿ ಆಗಿತ್ತು. ಈಗ ಪ್ರತಿ ತುಂಡಿನ ಮೇಲೂ ಪೆನ್ಸಿಲ್‌ನಲ್ಲಿ 'ತೆಗೀಬೇಡಿ' ಎಂದು ಬರೆದಿರುತ್ತೇನೆ. ಪ್ಲೇಟ್ ಇಟ್ಟರೆ ಅಕ್ಷರ ಪೂರ್ತಿ ಮುಚ್ಚಿಹೋಗುತ್ತದೆ. ಅದಕ್ಕೆ ಪಕ್ಕದಲ್ಲೂ ಒಮ್ಮೆ ಬರೆಯುತ್ತೇನೆ.