ಸಡಿಲವಾದ ಕೆಳಸೆಟ್ಟಿಗೆ ರಿಲೈನ್: ಯಾವುದು ದುಡ್ಡಿಗೆ ತಕ್ಕದ್ದು?

ಪೂರ್ತಿ ಹಲ್ಲಿನ ಸೆಟ್ಟು ಕಟ್ಟಿಸಿ ನಾಲ್ಕೈದು ವರ್ಷ ಆದವರ ದೂರೆಲ್ಲ ಹೆಚ್ಚಾಗಿ ಕೆಳಸೆಟ್ಟಿನದೇ. ಮೇಲಿನದು ಅಂಗುಳಕ್ಕೆ ಕಚ್ಚಿ ನಿಲ್ಲುತ್ತದೆ. ಕೆಳಗಿನದಕ್ಕೆ ಲಾಳದಷ್ಟು ಜಾಗ, ಅದರ ನಡುವೆ ಸದಾ ಆಡುವ ನಾಲಗೆ. ಸಾಲದ್ದಕ್ಕೆ ಮೂಳೆಯೂ ಅಲ್ಲೇ ಹೆಚ್ಚು ಸವೆಯುತ್ತದೆ: 1972ರಲ್ಲಿ ಪ್ರಕಟವಾದ, ದಂತ ಸಂಶೋಧಕಿ ಟಾಲ್‌ಗ್ರೆನ್ ಅವರ 25 ವರ್ಷಗಳ ಅಧ್ಯಯನದಲ್ಲಿ ಕೆಳದವಡೆಯ ಮುಂಭಾಗ ಮೇಲಿನದರ ಸುಮಾರು ನಾಲ್ಕು ಪಟ್ಟು ತಗ್ಗಿತ್ತು. ದವಡೆ ಇಳಿದರೂ ಸೆಟ್ಟು ಇದ್ದ ಹಾಗೇ ಇರುತ್ತದೆ. ನಡುವಿನ ಸಂದಿಗೆ ಅವರೆಕಾಳಿನ ಸಿಪ್ಪೆ, ಟೊಮೆಟೊ ಬೀಜ ಸೇರಿಕೊಂಡು ಚುಚ್ಚುತ್ತವೆ. ಆ ಸಂದಿ ತುಂಬಿಸುವ ಕೆಲಸವೇ ರಿಲೈನ್.

ಬೆಂಗಳೂರಿನ ಕ್ಲಿನಿಕ್‌ಗಳಲ್ಲಿ ಕೂತಲ್ಲೇ ಮಾಡಿಕೊಡುವ ರಿಲೈನ್ ಸಿಗುತ್ತದೆ. ಕಲಸಿದ ಅಕ್ರಿಲಿಕ್ಕನ್ನು (ಸೆಟ್ಟು ಮಾಡುವ ಪ್ಲಾಸ್ಟಿಕ್ಕು) ಸೆಟ್ಟಿನೊಳಗೆ ಹಾಕಿ ಬಾಯಲ್ಲೇ ಗಟ್ಟಿ ಮಾಡುತ್ತಾರೆ. ಬಿಸಿ ಏರುತ್ತದೆ, ವಸಡು ಉರಿಯುತ್ತದೆ, ಸಣ್ಣ ಸಣ್ಣ ರಂಧ್ರ ಉಳಿದು ಬೇಗ ಕಲೆ ಹಿಡಿದು ವಾಸನೆ ಬರುತ್ತದೆ. ತುರ್ತಿಗೆ ಆಗಬಹುದು, ಅದಕ್ಕಿಂತ ಹೆಚ್ಚಿನದಕ್ಕೆ ನಾವು ಹೇಳುವುದಿಲ್ಲ.

ದುಡ್ಡಿಗೆ ತಕ್ಕದ್ದು ಲ್ಯಾಬಿನಲ್ಲಿ ಮಾಡಿಸುವ ರಿಲೈನ್. ಆದರೆ ಅದರ ಫಲವೆಲ್ಲ ಅಳತೆಗೆ, ಅಂದರೆ ವಸಡಿನ ಅಚ್ಚು ತೆಗೆಯುವುದಕ್ಕೆ, ಮುಂಚಿನ ಕೆಲಸದಲ್ಲಿದೆ. ವಸಡು ಕೆಂಪಾಗಿ ಊದಿದ್ದರೆ ಆ ಊತಕ್ಕೇ ಅಳತೆ ಬೀಳುತ್ತದೆ, ಊತ ಇಳಿದ ಮೇಲೆ ಸೆಟ್ಟು ಮತ್ತೆ ಸಡಿಲ. ಹಾಗಾಗಿ ಒಂದೆರಡು ದಿನ ಸೆಟ್ಟು ತೆಗೆದಿಡಬೇಕು, ಇಲ್ಲವೇ ಟಿಶ್ಯೂ ಕಂಡೀಷನರ್ (ವಸಡಿಗೆ ಆರಾಮ ಕೊಡುವ ಮೆತ್ತನೆಯ ತಾತ್ಕಾಲಿಕ ಒಳಪದರ) ಹಾಕಿಸಿ ಮೂರು-ನಾಲ್ಕು ದಿನಕ್ಕೊಮ್ಮೆ ಬದಲಿಸಿಕೊಳ್ಳಬೇಕು. ಆಮೇಲೆ ಒಳಮೈಯನ್ನು 1.5ರಿಂದ 2 ಮಿಲಿಮೀಟರ್ ಕೆರೆದು, ಅಂಚನ್ನು ಬಿಸಿಗೆ ಮೆತ್ತಗಾಗುವ ಗ್ರೀನ್ ಸ್ಟಿಕ್ ಕಡ್ಡಿಯಿಂದ ಕೆನ್ನೆ, ನಾಲಗೆ ಆಡಿಸುತ್ತಾ ರೂಪಿಸಿ, ಹಲ್ಲು ಕಚ್ಚಿಸಿಯೇ ಅಳತೆ ತೆಗೆಯಬೇಕು. ಬಾಯಿ ತೆರೆದೇ ತೆಗೆದರೆ ಸೆಟ್ಟು ಮುಂದಕ್ಕೆ ಜಾರಿ, ಕಚ್ಚುವ ಜಾಗವೇ ಬದಲಾಗುವುದುಂಟು. ಹಲ್ಲುಗಳೇ ಸವೆದು ಮುಖ ಕುಗ್ಗಿದ್ದರೆ ರಿಲೈನ್ ದಂಡ. ಹೊಸ ಸೆಟ್ಟೇ ಬೇಕು.

ಸೆಟ್ಟು ವಾಪಸು ಬಂದ ದಿನ ಪ್ರೆಷರ್ ಪೇಸ್ಟ್ ಹಚ್ಚಿ ನೋಡುತ್ತಾರೋ ಇಲ್ಲವೋ ಗಮನಿಸಿ. ಬಿಳಿ ಪೇಸ್ಟನ್ನು ಬ್ರಷ್ಷಿನ ಗೆರೆ ಕಾಣುವಷ್ಟು ತೆಳುವಾಗಿ ಬಳಿದು, ಬಾಯಲ್ಲಿಟ್ಟು ಒತ್ತಿ ತೆಗೆಯುತ್ತಾರೆ. ಗೆರೆ ಅಳಿಸಿ ಗುಲಾಬಿ ಅಕ್ರಿಲಿಕ್ ಇಣುಕಿದ ಕಡೆ ಒತ್ತುತ್ತಿದೆ ಎಂದರ್ಥ, ಅಲ್ಲಿ ಮಾತ್ರ ಉಜ್ಜಬೇಕು. ಕೋರೆಹಲ್ಲಿನ ಹಿಂದಿನ ಜಾಗಕ್ಕೆ ವಿಶೇಷ ಗಮನ ಬೇಕು. ಮೂಳೆ ತೀರಾ ಸವೆದವರಲ್ಲಿ ತುಟಿಯ ನರ ದವಡೆಯ ನೆತ್ತಿಗೇ ಬಂದಿರುತ್ತದೆ. ಕಚ್ಚಿದಾಗ ಶಾಕ್ ಹೊಡೆದಂತೆ ನೋವು ಅಥವಾ ತುಟಿ ಜೋಮು ಬಂದರೆ ಅಲ್ಲಿ ಸೆಟ್ಟನ್ನು ತಗ್ಗು ಮಾಡಿಸಬೇಕು. ಅಂಟಿನ ಕ್ರೀಮ್ ಹಚ್ಚಿದರೆ ಆ ಒತ್ತಡ ಹೋಗುವುದಿಲ್ಲ. ಕ್ರೀಮ್ ಬೇಕೇ ಬೇಕಿದ್ದರೆ ಜಿಂಕ್ ಇಲ್ಲದ್ದನ್ನೇ, ಬಟಾಣಿ ಕಾಳಿನಷ್ಟು ಮೂರು ಕಡೆ ಇಟ್ಟರೆ ಸಾಕು.

ವಸಡು ತೆಳ್ಳಗಾಗಿ ಎಲ್ಲಿಟ್ಟರೂ ನೋಯುವವರಿಗೆ ಸಿಲಿಕೋನ್ ಮೆತ್ತೆ ನಿಜಕ್ಕೂ ಹಿತ. ಅದಕ್ಕೆ 2ರಿಂದ 3 ಮಿಲಿಮೀಟರ್ ದಪ್ಪ ಬೇಕು, ಅಷ್ಟು ಜಾಗ ಕೊರೆದರೆ ಸೆಟ್ಟು ನಡುವೆ ಮುರಿಯಬಹುದು. ಕೆಳಗೆ ಬಟ್ಟೆ ಹಾಸಿಯೇ ತೊಳೆಯಿರಿ. ಬಿಸಿನೀರು, ಗಟ್ಟಿ ಬ್ರಷ್ಷು ಬೇಡ.

ಖರ್ಚು ಕಡಿಮೆ ಬೇಕೆನ್ನುವವರು ಕೆ.ಆರ್. ಮಾರ್ಕೆಟ್ ಬಳಿ ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜಿನ ಪ್ರಾಸ್ಥೋಡಾಂಟಿಕ್ಸ್ (ಹಲ್ಲು ಕಟ್ಟುವ) ವಿಭಾಗದಲ್ಲಿ ವಿಚಾರಿಸಬಹುದು. ಕಾಲೇಜು ಆಸ್ಪತ್ರೆ ಎಂದ ಮೇಲೆ ಹಲವು ಸಲ ಹೋಗಬೇಕಾದೀತು, ಆ ತಾಳ್ಮೆ ಇಟ್ಟುಕೊಂಡೇ ಹೊರಡಿ.

ದವಡೆ ಪೂರ್ತಿ ಚಪ್ಪಟೆಯಾದವರಿಗೆ ರಿಲೈನ್ ಅರ್ಧ ಪರಿಹಾರವಷ್ಟೇ. ಕೋರೆಹಲ್ಲಿನ ಜಾಗದಲ್ಲಿ ಎರಡು ಇಂಪ್ಲಾಂಟ್ (ಮೂಳೆಗೆ ಕೂರಿಸುವ ಲೋಹದ ತಿರುಪು) ಹಾಕಿ ಸೆಟ್ಟನ್ನು ಗುಂಡಿಯಂತೆ ಸಿಕ್ಕಿಸುವುದೇ ಕೆಳದವಡೆಗೆ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರ ಒಮ್ಮತದ ಹೇಳಿಕೆ ಹೇಳಿದೆ. ಚೆನ್ನಾಗಿರುವ ಹಳೆಯ ಸೆಟ್ಟಿಗೇ ಇದನ್ನು ಕೂರಿಸಬಹುದು. ಒಳಗಿನ ನೈಲಾನ್ ಬಿಲ್ಲೆ ಸವೆದಾಗಲೆಲ್ಲ ಬದಲಿಸಬೇಕಾಗುತ್ತದೆ, ಅದರ ಖರ್ಚೆಷ್ಟು ಎಂದು ಇಂಪ್ಲಾಂಟ್ ಹಾಕಿಸುವ ಮುಂಚೆಯೇ ಕೇಳಿಕೊಳ್ಳಿ.