ಸಂಪ್ ತುಂಬಿದರೆ ಅಮ್ಮನಿಗೆ ಖುಷಿ, ನಮಗೆ ದಿಗಿಲು: ನಾನು ಬಳಸಿ ನೋಡಿದ ನಾಲ್ಕು ಬ್ಯಾಕಪ್‌ಗಳು

ಮಳೆ ಹಿಡಿದ ಒಂದು ಸಂಜೆ ಬೆಂಗಳೂರಿಗೆ ಫೋನ್ ಮಾಡಿ "ಅಮ್ಮ, ಸಂಪ್ ತುಂಬ್ತಾ ಇದೆ" ಅಂದೆ. "ಒಳ್ಳೇದಾಯ್ತು ಬಿಡೋ, ಎರಡು ದಿನ ಚಿಂತೆ ಇಲ್ಲ" ಅಂದರು. ಅವರ ಸಂಪ್ ಕಾವೇರಿ ನೀರು ಕೂಡಿಡುವ ತೊಟ್ಟಿ. ನ್ಯೂಜೆರ್ಸಿಯ ನಮ್ಮ ಮನೆಯ ಸಂಪ್ ಬೇಸ್‌ಮೆಂಟಿನ ಮೂಲೆಯಲ್ಲಿರುವ 18 ಇಂಚು ಅಗಲ, ಎರಡೂವರೆ ಅಡಿ ಆಳದ ಗುಂಡಿ. ತಳಪಾಯದ ಸುತ್ತ ಹೂತಿರುವ ತೂತಿನ ಪೈಪು ಮಣ್ಣಿನ ನೀರನ್ನೆಲ್ಲ ತಂದು ಅದಕ್ಕೆ ಸುರಿಯುತ್ತದೆ. ಒಳಗೆ ಕೂತ ಪಂಪು ಅದನ್ನು ಎತ್ತಿ ಹಿತ್ತಲಿನಾಚೆಗೆ ಹಾಕಬೇಕು. ಹಾಕದಿದ್ದರೆ ನೀರು ನೆಲದ ಮೇಲೆ.

ಪಂಪಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಎರಕದ ಕಬ್ಬಿಣದ ಮೈಯ, ಮೂರನೇ ಒಂದು ಎಚ್‌ಪಿಯ ಮುಳುಗು ಪಂಪು 10 ಅಡಿ ಎತ್ತರಕ್ಕೆ ನಿಮಿಷಕ್ಕೆ ಮೂವತ್ತು ಗ್ಯಾಲನ್ ಮೇಲೆಯೇ ಎತ್ತುತ್ತದೆ. ನಮ್ಮಂಥ ಮನೆಗೆ ಅದು ಧಾರಾಳ. ತಲೆನೋವೆಲ್ಲ ಅದು ನಿಂತಾಗ ಏನು ಮಾಡಬೇಕು ಅನ್ನುವುದರಲ್ಲಿ.

ನಾನು ಮೊದಲು ತಂದದ್ದು ಇನ್ವರ್ಟರ್. ಬೆಂಗಳೂರಿನಲ್ಲಿ ಬೆಳೆದವನಿಗೆ ಕರೆಂಟ್ ಅಂದರೆ ಇನ್ವರ್ಟರ್, ಇನ್ವರ್ಟರ್ ಅಂದರೆ ಮೂಲೆಯಲ್ಲಿ ಟ್ಯೂಬುಲರ್ ಬ್ಯಾಟರಿ, ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್. ಬೇರೆ ದಾರಿ ತಲೆಗೇ ಬರಲಿಲ್ಲ. ಶುದ್ಧ ಸೈನ್ ವೇವ್ ಕೊಡುವ ಪೆಟ್ಟಿಗೆ, 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ. ಲೆಕ್ಕ ಹಾಕಿದರೆ 1800 ವ್ಯಾಟ್-ಅವರ್. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಹಿಂಡಿದರೆ ಬೇಗ ಸಾಯುತ್ತದೆ, ಹಾಗಾಗಿ ಕೈಗೆ ಸಿಗುವುದು 900. ಪಂಪು ಓಡುವಾಗ ಸುಮಾರು 800 ವ್ಯಾಟ್ ನುಂಗುತ್ತದೆ, ಶುರುವಾಗುವ ಕ್ಷಣ ಅದರ ಎರಡು ಮೂರು ಪಟ್ಟು. ಬಿಡದೆ ಓಡಿದರೆ ಒಂದು ಗಂಟೆಗೆ ಆಟ ಮುಗಿಯಿತು. ನಾಲ್ಕು ನಿಮಿಷಕ್ಕೆ ಒಂದು ನಿಮಿಷ ಓಡುವಂಥ ಮಳೆಯಾದರೆ ನಾಲ್ಕು ಗಂಟೆ.

2020ರ ಆಗಸ್ಟ್ 4ರಂದು ಇಸಾಯಸ್ ಚಂಡಮಾರುತ ಬಂದು ಈ ರಾಜ್ಯದಲ್ಲಿ 10 ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟ್ ಕಿತ್ತುಕೊಂಡು ಹೋಯಿತು. ನಮ್ಮ ಬೀದಿಗೆ ಎರಡೂವರೆ ದಿನ ಕತ್ತಲೆ. ಗಾಳಿಯ ಅಬ್ಬರಕ್ಕೆ ಹೋಲಿಸಿದರೆ ನಮ್ಮಲ್ಲಿ ನೀರು ಕಡಿಮೆ. ಮೊದಲ ರಾತ್ರಿ ಇನ್ವರ್ಟರ್ ಮಾನ ಉಳಿಸಿತು. ಆಮೇಲೆ 2000 ವ್ಯಾಟಿನ ಜನರೇಟರ್.

ಜನರೇಟರ್‌ಗೆ ಶಕ್ತಿಯ ಕೊರತೆ ಇಲ್ಲ, ಪೆಟ್ರೋಲ್ ಇರುವ ತನಕ ಓಡುತ್ತದೆ. ಆದರೆ ಅದು ಆಳು ಬೇಡುವ ಯಂತ್ರ. ಮನೆಯಿಂದ 20 ಅಡಿ ದೂರದಲ್ಲಿ, ಹೊಗೆಯ ಬಾಯಿ ಆಚೆ ತಿರುಗಿಸಿ ಇಡಬೇಕು. ಗರಾಜ್ ಬಾಗಿಲು ತೆರೆದಿಟ್ಟರೂ ಒಳಗೆ ಓಡಿಸುವಂತಿಲ್ಲ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಕರುಣೆಯೂ ಇಲ್ಲ. ರಾತ್ರಿ ಎರಡಕ್ಕೆ ರೇನ್‌ಕೋಟ್ ಹಾಕಿ ಹಗ್ಗ ಎಳೆಯಲು ನೀವು ಮನೆಯಲ್ಲೇ ಇರಬೇಕು. ಊರಿಗೆ ಹೋಗಿದ್ದಾಗ? 2012ರ ಸ್ಯಾಂಡಿ ಚಂಡಮಾರುತದ ಬಳಿಕ ಇಲ್ಲಿನ 12 ಕೌಂಟಿಗಳಲ್ಲಿ ಕಾರಿನ ನಂಬರ್ ಪ್ಲೇಟಿನ ಸಮ-ಬೆಸ ನೋಡಿ ಪೆಟ್ರೋಲ್ ಕೊಟ್ಟಿದ್ದರು. ಹಾಗಾಗಿ "ಪೆಟ್ರೋಲ್ ಇರುವ ತನಕ" ಅನ್ನುವುದೂ ಸಣ್ಣ ಷರತ್ತಲ್ಲ.

ಈ ಎರಡರ ಮೇಲಿನ ನನ್ನ ನಂಬಿಕೆ ಕುಸಿದದ್ದು 2021ರ ಸೆಪ್ಟೆಂಬರ್ 1ರ ರಾತ್ರಿ. ಐಡಾ ಚಂಡಮಾರುತದ ಬಾಲ. ನೆವಾರ್ಕ್‌ನಲ್ಲಿ ಆ ಒಂದೇ ದಿನ 8.41 ಇಂಚು, ಅಂದರೆ ಸುಮಾರು 214 ಮಿ.ಮೀ. ಮಳೆ. ನದಿಯಾಚೆ ನ್ಯೂಯಾರ್ಕಿನಲ್ಲಿ ಬೇಸ್‌ಮೆಂಟ್ ಮನೆಗಳಲ್ಲಿದ್ದ 11 ಮಂದಿ ನೀರಿಗೆ ಸಿಕ್ಕಿ ಸತ್ತರು. ನಮ್ಮಲ್ಲಿ ಕರೆಂಟ್ ಹೋಗಲೇ ಇಲ್ಲ. "ರೀ, ಕೆಳಗೆ ಏನೋ ತೇಲ್ತಿದೆ" ಅಂತ ನನ್ನಾಕೆ ಮೆಟ್ಟಿಲ ಮೇಲಿಂದ ಕೂಗಿದಾಗ ಟಾರ್ಚ್ ಬಿಟ್ಟು ನೋಡಿದೆ. ಕಂದು ನೀರು, ಅದರ ಮೇಲೆ ನವರಾತ್ರಿ ಗೊಂಬೆಗಳ ಡಬ್ಬಿ. ಗೋಡೆಯ ಸ್ಟ್ಯಾಂಡಿನಲ್ಲಿ ಇನ್ವರ್ಟರ್ ಹಸಿರು ದೀಪ ಹಾಕಿಕೊಂಡು ಆರಾಮಾಗಿ ಕೂತಿತ್ತು, ಚಾರ್ಜ್ ನೂರಕ್ಕೆ ನೂರು.

ಆಗಿದ್ದು ಇಷ್ಟೇ: ವೈರಿಗೆ ಜೋತುಬಿದ್ದ ಫ್ಲೋಟ್, ಅಂದರೆ ನೀರಿನ ಜೊತೆ ತೇಲಿ ಏರಿ ಪಂಪಿನ ಸ್ವಿಚ್ ಹಾಕುವ ಬುರುಡೆ, ಗುಂಡಿಯ ಗೋಡೆಗೂ ಪೈಪಿಗೂ ನಡುವೆ ಸಿಕ್ಕಿಕೊಂಡಿತ್ತು. ನೀರು ಏರಿದರೂ ಅದು ಏಳಲಿಲ್ಲ, ಪಂಪು ಶುರುವಾಗಲಿಲ್ಲ. ಪೊರಕೆ ಕಡ್ಡಿಯಲ್ಲಿ ತಟ್ಟಿದ್ದರೆ ಸಾಕಿತ್ತು. ಆದರೆ ನೀರು ಪ್ಲಗ್‌ಗಳ ಮಟ್ಟಕ್ಕೆ ಎಷ್ಟು ದೂರವಿದೆ ಅಂತ ಕತ್ತಲಲ್ಲಿ ಗೊತ್ತಾಗದೆ ಇಳಿಯುವ ಧೈರ್ಯ ಮಾಡಲಿಲ್ಲ, ಮಾಡಲೂಬಾರದು. ಚನ್ನಪಟ್ಟಣದ ಅರಗಿನ ಗೊಂಬೆಗಳು ಒರೆಸಿದರೆ ಮೊದಲಿನಂತಾದವು. ಅಜ್ಜಿ ಕೊಟ್ಟಿದ್ದ ಕಾಗದದ ಹಿಟ್ಟಿನ ದಂಪತಿ ಗೊಂಬೆ ಮಾತ್ರ ಅಂಬಲಿಯಾಗಿತ್ತು. ಮನೆಯ ಮಾಮೂಲು ವಿಮೆ ಸಂಪ್ ಉಕ್ಕಿದ್ದಕ್ಕೆ ಕೊಡುವುದಿಲ್ಲ, ಅದಕ್ಕೆ ಬೇರೆ ಸೇರ್ಪಡೆ ಕೊಂಡಿರಬೇಕು ಅನ್ನುವುದು ಗೊತ್ತಾದದ್ದೂ ಆ ವಾರವೇ.

ಇನ್ವರ್ಟರ್ ಮತ್ತು ಜನರೇಟರ್ ಎರಡನೇ ಕರೆಂಟ್. ನನಗೆ ಬೇಕಿದ್ದದ್ದು ಎರಡನೇ ಪಂಪು, ಅದಕ್ಕೆ ಅದರದೇ ಸ್ವಿಚ್.

ಅದರಲ್ಲಿ ಎರಡು ಬಗೆ, ಎರಡನ್ನೂ ಹಾಕಿಸಿದೆ. ಒಂದು ನೀರಿನಿಂದ ಓಡುವ ಪಂಪು. ನಲ್ಲಿಯ ಒತ್ತಡದ ನೀರು ಕಿರಿದಾದ ಕೊಳವೆಯಲ್ಲಿ ರಭಸವಾಗಿ ನುಗ್ಗುವಾಗ ಗುಂಡಿಯ ನೀರನ್ನು ಸೆಳೆದುಕೊಂಡು ಹೋಗುತ್ತದೆ. ಮೋಟರ್ ಇಲ್ಲ, ಬ್ಯಾಟರಿ ಇಲ್ಲ, ವರ್ಷಾನುಗಟ್ಟಲೆ ಸುಮ್ಮನೆ ಕೂತಿದ್ದರೂ ಕೆಡುವುದು ಕಡಿಮೆ. ಇನ್ನೊಂದು 12 ವೋಲ್ಟಿನ ಬ್ಯಾಟರಿ ಪಂಪು, ಜೊತೆಗೆ 100 ಆಂಪಿಯರ್-ಅವರ್‌ನ ಮುಚ್ಚಿದ ಬ್ಯಾಟರಿ. ಇದಕ್ಕೆ ನೀರು ಹಾಕುವ ಕೆಲಸ ಇಲ್ಲ.

ಅಳತೆಗೆ ಒಂದು ಸುಲಭ ಉಪಾಯವಿದೆ. 18 ಇಂಚು ಅಗಲದ ಗುಂಡಿಯಲ್ಲಿ ನೀರು ಒಂದು ಇಂಚು ಏರಿದರೆ ಅದು ಹೆಚ್ಚುಕಮ್ಮಿ ಒಂದು ಗ್ಯಾಲನ್, ನಾಲ್ಕು ಲೀಟರ್ ಚಿಲ್ಲರೆ. ಜೋರು ಮಳೆಯಲ್ಲಿ ಪಂಪಿನ ಪ್ಲಗ್ ಕಿತ್ತು, ಟೇಪ್ ಇಳಿಬಿಟ್ಟು, ಒಂದು ನಿಮಿಷ ನೋಡಿ. ನಮ್ಮಲ್ಲಿ ಸಾಧಾರಣ ಮಳೆಗೆ 3 ಇಂಚು, ನಾನು ಕಂಡ ಅತಿ ಜೋರಿಗೆ 11 ಇಂಚು. ಅದೇ ಮಳೆಯಲ್ಲಿ ನೀರಿನ ಪಂಪನ್ನು ಮಾತ್ರ ಓಡಿಸಿದೆ. ಸೊಂಯ್ ಅನ್ನುವ ಸದ್ದು, ಟೇಪಿನ ಮೇಲೆ ನೀರಿನ ಗೆರೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಹತ್ತು ನಿಮಿಷ ಮಂಡಿಯೂರಿ ನೋಡಿದೆ, ಅಲ್ಲೇ ನಿಂತಿತ್ತು. ಇದಕ್ಕಿಂತ ಜೋರು ಮಳೆ ಬಂದರೆ ಸೋಲುತ್ತದೆ. ಬ್ಯಾಟರಿ ಪಂಪು ಹಾಕಿದಾಗ ಗೆರೆ ನಿಮಿಷಕ್ಕೆ ಹತ್ತು ಇಂಚಿಗೂ ಹೆಚ್ಚು ಕೆಳಗಿಳಿಯಿತು. ಅದು ಎಳೆಯುವುದು ಸುಮಾರು 15 ಆಂಪಿಯರ್, ಹಾಗಾಗಿ ನಿಲ್ಲದೆ ಓಡಿದರೂ ಐದಾರು ಗಂಟೆ, ಬಿಟ್ಟು ಬಿಟ್ಟು ಓಡಿದರೆ ದಿನ ಮೀರುತ್ತದೆ.

ನೀರಿನ ಪಂಪಿನ ಮೇಲೆ ನನಗೆ ಇನ್ನೊಂದು ಸಿಟ್ಟೂ ಇದೆ, ಅದು ಯಂತ್ರದ ತಪ್ಪಲ್ಲ. ಎರಡು ಗ್ಯಾಲನ್ ಕೆಸರು ನೀರು ಹೊರಹಾಕಲು ಸುಮಾರು ಒಂದು ಗ್ಯಾಲನ್ ಕುಡಿಯುವ ನೀರು ಬಲಿ. 8 ಗಂಟೆ ಓಡಿದರೆ 11,000 ಲೀಟರ್, ಬೆಂಗಳೂರಿನ ಲೆಕ್ಕದಲ್ಲಿ ಎರಡು ಟ್ಯಾಂಕರ್. ನೀರು ಬಿಡುವ ದಿನಕ್ಕೆ ಕಾದು ಕೊಡ ತುಂಬಿಸಿದವರ ಹೊಟ್ಟೆ ಉರಿಯದೆ ಇರುತ್ತದೆಯೇ? ಕೊಳಕು ನೀರು ಊರಿನ ಕೊಳಾಯಿಗೆ ಹಿಮ್ಮುಖವಾಗಿ ಸೇರದಂತೆ ತಡೆಯುವ ವಾಲ್ವೂ ಕಡ್ಡಾಯ, ಪ್ಲಂಬರ್ ಖರ್ಚೆಲ್ಲ ಸೇರಿ ನನಗೆ 1,400 ಡಾಲರ್ ಬಿತ್ತು. ಬ್ಯಾಟರಿ ಪಂಪು 700ರಲ್ಲಿ ಮುಗಿಯಿತು. ಬಾವಿ ನೀರಿನ ಮನೆಯವರು ನೀರಿನ ಪಂಪಿನ ಮಾತೇ ಎತ್ತಬೇಡಿ: ಕರೆಂಟ್ ಹೋದರೆ ಬಾವಿಯ ಮೋಟರೂ ನಿಲ್ಲುತ್ತದೆ.

ಹಾಗಾಗಿ ನಮ್ಮ ಗುಂಡಿಯಲ್ಲಿ ಈಗ ಮುಖ್ಯ ಪಂಪು, ಅದರ ಫ್ಲೋಟಿಗಿಂತ ನಾಲ್ಕೈದು ಇಂಚು ಮೇಲೆ ಬ್ಯಾಟರಿ ಪಂಪಿನ ಫ್ಲೋಟ್. ಎತ್ತಿದ ನೀರು ಮತ್ತೆ ಗುಂಡಿಗೆ ಇಳಿಯದಂತೆ ಎರಡಕ್ಕೂ ಬೇರೆ ಬೇರೆ ಚೆಕ್ ವಾಲ್ವ್. ಮುಖ್ಯ ಪಂಪಿಗೆ ಈ ಸಲ ಜೋತಾಡುವ ಫ್ಲೋಟ್ ಬೇಡವೆಂದು ಕಡ್ಡಿಯ ಮೇಲೆ ನೆಟ್ಟಗೆ ಏರಿಳಿಯುವುದನ್ನು ಹಾಕಿಸಿದೆ. ಜನರೇಟರ್ ಮಾರಿಲ್ಲ, ಉದ್ದದ ಕತ್ತಲೆಗೆ ಬ್ಯಾಟರಿ ತುಂಬಿಸಲು ಬೇಕು. ಇನ್ವರ್ಟರ್ ಈಗ ಇಂಟರ್ನೆಟ್ ಪೆಟ್ಟಿಗೆ ಕಾಯುತ್ತಿದೆ. ನೀರಿನ ಪಂಪು ಮೇಲ್ಗಡೆಯ ಮೂರನೇ ಕಾವಲುಗಾರ, ಹಾಕಿಸಿದ ದುಡ್ಡಿಗೆ ಬಿಟ್ಟಿದ್ದೇನೆ.

ಎರಡು ತಿಂಗಳಿಗೊಮ್ಮೆ ಭಾನುವಾರ ಮುಖ್ಯ ಪಂಪಿನ ಪ್ಲಗ್ ಕಿತ್ತು, ಬ್ಯಾಟರಿ ಪಂಪು ಶುರುವಾಗುವ ತನಕ ಬಕೆಟ್ ನೀರು ಸುರಿಯುತ್ತೇನೆ. ಬ್ಯಾಟರಿಗೆ ಆಯಸ್ಸು 3ರಿಂದ 5 ವರ್ಷ, ಹಾಕಿದ ತಿಂಗಳನ್ನು ಟೇಪಿನ ಮೇಲೆ ಬರೆದು ಅಂಟಿಸಿದ್ದೇನೆ. ಗೊಂಬೆ ಡಬ್ಬಿ ಮಾತ್ರ ಮಹಡಿಯ ಕಪಾಟಿಗೆ ಹೋಗಿದೆ. ನನ್ನಾಕೆ ಯಾವ ಪಂಪನ್ನೂ ನಂಬಿಲ್ಲ.