ಮಿಷಿಗನ್ ಸಂವಿಧಾನ: ಹೊಸದಾಗಿ ಬರೆಯೋಣವಾ, ತೇಪೆ ಹಾಕೋಣವಾ?

ಅಮೆರಿಕದ ಮಿಷಿಗನ್ ರಾಜ್ಯದ ಮತದಾರರ ಮುಂದೆ 16 ವರ್ಷಕ್ಕೊಮ್ಮೆ ಒಂದೇ ಪ್ರಶ್ನೆ ಬರುತ್ತದೆ: ರಾಜ್ಯದ ಸಂವಿಧಾನ ಪರಿಷ್ಕರಿಸಲು ಸಮಾವೇಶ ಕರೆಯಬೇಕೇ? 1978, 1994, 2010ರಲ್ಲಿ ಜನ ಬೇಡ ಅಂದರು. 2026ರ ನವೆಂಬರ್‌ನಲ್ಲಿ ಮತ್ತೆ ಅದೇ ಸರದಿ. ನಮ್ಮ ಕರ್ನಾಟಕಕ್ಕೆ ಬೇರೆ ಸಂವಿಧಾನವೇ ಇಲ್ಲ. ಹಾಗಾಗಿ ಅಲ್ಲಿ ಮತ ಹಾಕುವ ಕನ್ನಡಿಗರಿಗೆ ಇದು ವಿಚಿತ್ರ ಅನ್ನಿಸಬಹುದು.

‘ಹೌದು’ ಅಂದರೆ ಪ್ರತಿ ವಿಧಾನಸಭಾ ಮತ್ತು ಸೆನೆಟ್ ಕ್ಷೇತ್ರದಿಂದ ಒಬ್ಬೊಬ್ಬರಂತೆ 148 ಪ್ರತಿನಿಧಿಗಳ ಆಯ್ಕೆ. ಅದೂ ಪಕ್ಷದ ಹೆಸರಲ್ಲೇ. ತೆರಿಗೆ, ಶಾಲೆ, ನ್ಯಾಯಾಲಯ ಎಲ್ಲವನ್ನೂ ಒಟ್ಟಿಗೆ ಕೂತು ನೋಡಬಹುದು, ಅದೇ ಇದರ ದೊಡ್ಡ ಲಾಭ. ಆದರೆ ಯಾವ ವಿಷಯ ಮುಟ್ಟಬಾರದು ಅಂತ ಮತದಾರ ಮೊದಲೇ ಗೆರೆ ಹಾಕುವಂತಿಲ್ಲ. ಕೊನೆಗೆ ಬರೆದದ್ದು ಮತ್ತೆ ಜನರ ಮುಂದೆ ಬರಲೇಬೇಕು. ಅದು ಸುಮ್ನೆ ಶಾಸ್ತ್ರಕ್ಕಲ್ಲ: ಈಗಿನ ಸಂವಿಧಾನ 1963ರಲ್ಲಿ ಪಾಸಾಗಿದ್ದು ಬರೀ 7,424 ಮತಗಳ ಅಂತರದಲ್ಲಿ. ಹದಿನಾರು ಲಕ್ಷ ಜನ ಮತ ಹಾಕಿದ್ದರು!

‘ಇಲ್ಲ’ ಅಂದರೆ ಬಾಗಿಲು ಮುಚ್ಚಿತು ಅಂತಲ್ಲ. ಹಿಂದಿನ ಗವರ್ನರ್ ಚುನಾವಣೆಯ ಮತಗಳ ಶೇ 10ರಷ್ಟು ಸಹಿ ತಂದರೆ ಒಂದು ತಿದ್ದುಪಡಿಯನ್ನು ಮತಕ್ಕೆ ಹಾಕಬಹುದು. 2018ರಲ್ಲಿ ಕ್ಷೇತ್ರಗಳ ಗಡಿ ಎಳೆಯುವ ಕೆಲಸ ಶಾಸಕರ ಕೈತಪ್ಪಿ ಸ್ವತಂತ್ರ ಆಯೋಗಕ್ಕೆ ಹೋಗಿದ್ದು ಹೀಗೇ. ಆದರೆ ಆ ಶೇ 10 ಅಂದರೆ ಈಗ 4,46,198 ಸಹಿ. ಜಾಸ್ತಿ ದುಡ್ಡಿನ ಕೆಲಸ, ಅಲ್ವಾ?

ಮಾಡು ಒಂದು ಕಡೆ ಸೋರಿದರೆ ನಾನಂತೂ ಹೆಂಚು ಬದಲಿಸುತ್ತೇನೆ. ತೊಲೆಯೇ ಕೊಳೆತಿದೆ ಅನ್ನಿಸಿದವರು ‘ಹೌದು’ ಅನ್ನಲಿ.